ಕೊನೆಯ ಹಂತದ ಹಿಂದಿನ ಹಂತ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಸಮುದ್ರದಿಂದ ಎಂದರೆ ನಮ್ಮ ಮನೆಯ ಹತ್ತಿರ ಸಮುದ್ರವಿಲ್ಲ. ಯುದ್ಧದಿಂದ ಎಂದರೆ ನಮ್ಮ ಮನೆಯಲ್ಲಿ ಯಾರೂ ಯಾರ ಮೇಲೂ ದನಿ ಎತ್ತುವುದಿಲ್ಲ. ದನಿಯನ್ನೇ ಎತ್ತುವುದಿಲ್ಲ, ತೊಂದರೆಯಿರುವುದೇ ಅಲ್ಲಿ. ಒಂದು ನಿಮಿಷ, ಒಲೆಯ ಮೇಲೆ ಹಾಲಿದೆ.

(ಬಂದೆ. ಅರ್ಧ ಉಕ್ಕಿಹೋಗಿತ್ತು. ಉಳಿದರ್ಧದಲ್ಲಿ ಮುಂದುವರಿಯೋಣ.)

1, ಮತ್ತೊಮ್ಮೆ

‘ಅಲೆಗಳನ್ನು ಸೀಳುತ್ತಾ ಆ ಬೃಹತ್ ವಿಮಾನವಾಹಕ ನೌಕೆ’ ಎಂದು ಬರೆದು ಹೊಡೆದುಹಾಕಿದೆ. ಆ ನೌಕೆ ಈವರೆಗೆ ಸೀಳಿರುವುದು ನನ್ನ ಹೊಸ ಕಿಟಕಿ ಪರದೆಯನ್ನು ಮಾತ್ರ. ನಿಜ ಇಷ್ಟೇ: ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮಾದರಿ ಹಡಗಿದೆ. ಮಾದರಿ ಅಂದ ತಕ್ಷಣ ನೀವು ಶೋಕೇಸಿನಲ್ಲಿ ಒಂದು ಪುಟ್ಟ ಹಡಗನ್ನು ಕೂರಿಸಿಕೊಂಡಿದ್ದರೆ ದಯವಿಟ್ಟು ಇಳಿಸಿಬಿಡಿ. ಇದು ಮಂಚಕ್ಕಿಂತ ಉದ್ದ. ಮೂತಿ ಕಿಟಕಿಗೆ ತಾಗುತ್ತದೆ, ಬಾಲ ಬಾಗಿಲಿನಿಂದ ಹೊರಗೆ ಇಣುಕುತ್ತದೆ. ಯಾರೂ ಇಲ್ಲದಾಗ ಆ ಬಾಲದ ಮೇಲೆ ನಾನು ಕಾಲುಚೀಲ ಒಣಹಾಕುತ್ತೇನೆ.

2

ಪಾತ್ರಗಳು. ಒಬ್ಬರು ನನ್ನ ಗಂಡ. ಹಲ್ಲಿನ ಸೆಟ್ ಮಾಡುವುದು ಅವರ ಕೆಲಸ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ಇವರು ಅದಕ್ಕೆ ಸರಿಹೊಂದುವ ಹಲ್ಲು ಕೂರಿಸಿ ಕಳಿಸುತ್ತಾರೆ. ಊರಿನ ಅರ್ಧ ನಗು ನಮ್ಮ ಮನೆಯಲ್ಲೇ ತಯಾರಾದದ್ದು. ಇವರು ಮಾತ್ರ ನಗುವುದು ಕಡಿಮೆ, ಮಾತಾಡುವುದು ಅದಕ್ಕಿಂತ ಕಡಿಮೆ.

ಇನ್ನೊಬ್ಬಳು ಮಗಳು, ಹೈಸ್ಕೂಲು. ಏನು ಕೇಳಿದರೂ ‘ಹ್ಞೂಂ’, ‘ಊಹ್ಞೂಂ’. ತೀರಾ ಖುಷಿಯಲ್ಲಿದ್ದರೆ ‘ಏನೋ ಒಂದು’. ಇವರಿಬ್ಬರ ನಡುವೆ ನಾನು ಅಂಚೆಯವಳು. ಇವರ ಮಾತನ್ನು ಅವಳಿಗೆ, ಅವಳ ಹ್ಞೂಂ ಅನ್ನು ಇವರಿಗೆ ತಲುಪಿಸುತ್ತೇನೆ.

ಹಡಗಿನ ಹತ್ತಿರ ಮಾತ್ರ ಹಾಗಲ್ಲ. ಸಂಜೆ ಇವರು ಕೆಲಸದ ಮೇಜಿನಿಂದ ಏಳುತ್ತಾರೆ, ಅವಳು ಹೋಂವರ್ಕ್ ಮುಚ್ಚುತ್ತಾಳೆ, ಇಬ್ಬರೂ ಹಡಗಿನ ಆಚೀಚೆ ನೆಲಕ್ಕೆ ಕೂರುತ್ತಾರೆ. ಆಗ ಮಾತು ಹೇಗೆ ಹರಿಯುತ್ತದೆ ಅಂತೀರಿ. ಅವಳ ಗೆಳತಿ ಮುನಿಸಿಕೊಂಡದ್ದು, ಇವರು ಚಿಕ್ಕವರಿದ್ದಾಗ ಈಜಲು ಹೆದರಿ ಹೊಟ್ಟೆನೋವು ಎಂದು ಮಲಗಿದ್ದು, ನನಗೇ ಗೊತ್ತಿಲ್ಲದ್ದೆಲ್ಲ ಹೊರಗೆ ಬರುತ್ತದೆ. ನಾನು ಬಾಗಿಲಾಚೆ ಬಟ್ಟೆ ಮಡಚುತ್ತಿರುತ್ತೇನೆ. ಮಡಚಿ ಮುಗಿದರೆ ಬಿಚ್ಚಿ ಮತ್ತೆ ಮಡಚುತ್ತೇನೆ.

(ಓದುಗರೇ, ಈ ಕಥೆಯಲ್ಲಿ ಕಳೆದುಕೊಳ್ಳುವುದಕ್ಕೆ ಇರುವುದು ಆ ಸಂಜೆಯ ಹೊತ್ತು ಒಂದೇ. ಮುಳುಗುವ ಹಡಗಿಗೆ ಟಿಕೆಟ್ ತೆಗೆದುಕೊಂಡಿದ್ದರೆ ಕ್ಷಮಿಸಿ.)

3

ಹಡಗನ್ನು ಹಂತ ಹಂತವಾಗಿ ಕಟ್ಟುವುದೆಂದು ತೀರ್ಮಾನವಾಗಿತ್ತು. ಮೊದಲು ಪ್ಲೈವುಡ್ಡಿನ ಪಕ್ಕೆಲುಬು, ಆಮೇಲೆ ಹೊರಮೈ, ಆಮೇಲೆ ವಿಮಾನಗಳು ಓಡುವ ಡೆಕ್, ಕೊನೆಗೆ ವಿಮಾನಗಳು. ಅವು ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಅಕ್ರಿಲಿಕ್ಕಿನಲ್ಲೇ ತಯಾರಾದವು. ಬಣ್ಣ ಬಳಿಯುವ ತನಕ, ಊರಿನವರ ವಸಡುಗಳೆಲ್ಲ ಸೇರಿ ಪ್ರವಾಸಕ್ಕೆ ಹೊರಟಂತೆ ಕಾಣುತ್ತಿದ್ದವು. ಅಲ್ಲಿಗೆ ಹಡಗು ಮುಗಿಯಿತು.

3-ಅ

ಮುಗಿಯಲಿಲ್ಲ. ವಿಮಾನಗಳನ್ನು ಕೆಳಗಿಳಿಸಲು ಲಿಫ್ಟ್ ಬೇಕು ಎಂದರು ಇವರು. ಲಿಫ್ಟಿನವನು ನಿಂತೇ ಇರಬೇಕಾ, ಕುರ್ಚಿ ಬೇಡವಾ ಎಂದಳು ಅವಳು.

3-ಅ-1

ಕುರ್ಚಿಗೆ ದಿಂಬು.

3-ಅ-1-ಕ

ದಿಂಬಿಗೆ ಕವರು. ಹೂವಿನದು. ಯುದ್ಧದ ಹಡಗಿನಲ್ಲಿ ಹೂವಿನ ದಿಂಬಾ ಎಂದು ನಾನು ಕೇಳಿದ್ದಕ್ಕೆ ಇಬ್ಬರೂ ಒಟ್ಟಿಗೆ ತಿರುಗಿ ನನ್ನನ್ನು ಶತ್ರು ದೇಶದವಳ ಹಾಗೆ ನೋಡಿದರು. ಇಬ್ಬರಿಗೂ ಇದನ್ನು ಮುಗಿಸಲು ಭಯ ಎಂದು ನನಗೆ ಹೊಳೆದದ್ದು ಆಗಲೇ. ಒಂದು ಚೂರು ಹೂವಿನ ಬಟ್ಟೆ ಹುಡುಕಿಕೊಟ್ಟೆ.

4

ಇಷ್ಟು ಹೊತ್ತಿಗೆ ಕಥೆಗೊಬ್ಬ ಖಳ ಬೇಕು. ಅತ್ತೆ ಫೋನ್ ಮಾಡಿದರು. ಭಾನುವಾರ ಬರುತ್ತಾರಂತೆ, ಇನ್ನು ಮುಂದೆ ನಮ್ಮಲ್ಲೇ ಇರುತ್ತಾರಂತೆ, ಹಿಂದಿನ ಕೋಣೆ ಖಾಲಿ ಆಗಬೇಕಂತೆ. ಹಡಗು ಮುಗಿಯಲಿ ಬಿಡಲಿ, ಯಾರಿಗಾದರೂ ಕೊಟ್ಟುಬಿಡಬೇಕಂತೆ. ಬೀದಿ ಕೊನೆಯ ಗ್ರಂಥಾಲಯದವರು ತಮ್ಮ ಓದುವ ಕೋಣೆಯಲ್ಲಿಡಲು ಒಪ್ಪಿದರು. ಭಾನುವಾರವೇ ಜನ ಕಳಿಸುತ್ತೇವೆ ಎಂದರು.

ಅವತ್ತು ಫೋನ್ ಇಡುವ ಮುಂಚೆ ಅತ್ತೆ ಹೇಳಿದ್ದರು, “ನನ್ನ ಹಲ್ಲು ಏನಾಯ್ತು ಅಂತ ಕೇಳು ನಿನ್ನ ಗಂಡನ್ನ.”

ಮೇಲಿನ ಸಾಲಿಗೆ ಹೊಸ ಸೆಟ್ ಮಾಡಿಕೊಡುತ್ತೇನೆಂದು ಮಗ ಒಪ್ಪಿಕೊಂಡು ಬಹಳ ದಿನವಾಗಿತ್ತು. ಊರಿಗೆಲ್ಲ ಹಲ್ಲು ಕೊಡುವವರ ತಾಯಿ ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಿನ್ನುತ್ತಿದ್ದರು.

(ಮಗಳು ನನ್ನ ಬೆನ್ನ ಹಿಂದಿನಿಂದ ಓದಿ ಹೇಳುತ್ತಿದ್ದಾಳೆ: ಅಜ್ಜೀನ ಖಳ ಮಾಡ್ಬೇಡ. ಬೇರೆ ಯಾರಿದ್ದಾರೆ ಎಂದೆ. “ನೀನೇ ಆಗು,” ಎಂದು ಹೋದಳು.)

5

ಕಿಟಕಿಯ ಪಕ್ಕ ಒಂದು ಟ್ರೇ ಇದೆ. ಇವರು ಮಾಡಿದ್ದನ್ನು ಅದರಲ್ಲಿಡುತ್ತಾರೆ, ಮಗಳು ಅದಕ್ಕೆ ಬೂದು ಬಣ್ಣ ಬಳಿದು ಹಡಗಿಗೆ ಅಂಟಿಸುತ್ತಾಳೆ. ಇದೇನು, ಎಲ್ಲಿಗೆ ಎಂದು ಕೇಳುವಂತಿಲ್ಲ. ನೋಡಿಯೇ ಊಹಿಸಬೇಕು, ಅದೇ ಅವರ ಆಟ. ಆ ವಾರ ಇವರು ಅತ್ತೆಯ ಸೆಟ್ಟನ್ನು ಪಾಲಿಶ್ ಮಾಡಿ, ಏನೋ ಯೋಚನೆಯಲ್ಲಿ ಅದೇ ಟ್ರೇಯಲ್ಲಿಟ್ಟರು. ಮಗಳು ನೋಡಿದಳು. ಅರ್ಧಚಂದ್ರದ ಆಕಾರ, ಅಂಚಿನುದ್ದಕ್ಕೂ ಸಾಲು ಕಂಬ. ಬಾಲ್ಕನಿ. ಬೂದು ಬಳಿದು ಹಡಗಿನ ಹಿಂಭಾಗಕ್ಕೆ ಅಂಟಿಸಿ, ಕೋರೆಹಲ್ಲಿಗೆ ಒರಗಿಸಿ ಒಬ್ಬ ಕ್ಯಾಪ್ಟನ್ನನನ್ನು ನಿಲ್ಲಿಸಿದಳು. ತಾವೇ ಮಾಡಿದ ಹಲ್ಲು ಇವರಿಗೆ ಗುರುತೇ ಸಿಗಲಿಲ್ಲ.

5, ಆಕ್ಷೇಪಣೆಯ ನಂತರ

ಈ ಪುಟವನ್ನು ಇವರು ಓದಿದರು. ಓದಬಾರದಿತ್ತು.

“ನಂಗೆ ಗುರುತು ಸಿಗ್ಲಿಲ್ಲ ಅಂತ ಬರ್ದಿದ್ದೀಯಲ್ಲೇ. ಮಾನ ಹೋಗುತ್ತೆ.”

“ಮತ್ತೇನು ಬರೀಲಿ ಹೇಳಿ.”

ಕನ್ನಡಕ ತೆಗೆದು ಬನಿಯನ್ನಿನಲ್ಲಿ ಒರೆಸಿದರು. ನಾನು ಕಾದೆ. ಮದುವೆಯಾದಾಗಿನಿಂದ ನನಗೆ ಅಭ್ಯಾಸವಾಗಿರುವುದು ಇದೊಂದೇ.

“ಗೊತ್ತಾಯ್ತು ಅಂತ ಬರಿ. ಅವ್ಳು ಒಂದೊಂದೇ ಕಂಬಕ್ಕೆ ಬಣ್ಣ ಹಚ್ತಾ ಇದ್ಳು. ಹಚ್ಚುತ್ತಾ ಸ್ಕೂಲಲ್ಲಿ ಆಗಿದ್ದೆಲ್ಲ ಹೇಳ್ತಾ ಇದ್ಳು. ನಡುವೆ ಬಾಯಿ ಹಾಕಿ, ಅದು ನಿಮ್ಮಜ್ಜಿ ಹಲ್ಲು ಕಣೇ ಅನ್ನಕ್ಕಾಗುತ್ತಾ?”

(ಸ್ಕೂಲಿನಲ್ಲಿ ಏನಾಯಿತು ಎಂಬುದನ್ನೂ ಇಲ್ಲಿ ಬರೆದಿದ್ದೆ. ಮಗಳು ಬಂದು ಆ ಸಾಲಿನ ಮೇಲೆ ಬೂದು ಬಣ್ಣ ಬಳಿದು ಹೋದಳು. ಇರಲಿ, ಅದು ಅವಳದ್ದು.)

6

ಮುಕ್ತಾಯಗಳು. ಬೇಕಾದ್ದನ್ನು ಆರಿಸಿಕೊಳ್ಳಿ.

ಮೊದಲನೆಯದು: ಅತ್ತೆ ಬರುತ್ತಾರೆ, ಹಡಗು ಹೋಗುತ್ತದೆ. ಊಟದ ಮೇಜಿನಲ್ಲಿ ಇವರು ಉಪ್ಪು ಎನ್ನುತ್ತಾರೆ, ಅವಳು ಹ್ಞೂಂ ಎನ್ನುತ್ತಾಳೆ. ತುಂಬ ವಾಸ್ತವವಾಗಿ ಬಂದಿತ್ತು. ಪಾತ್ರೆ ತೊಳೆಯುವಾಗ ನೆನಪಾಗಿ, ಸೋಪು ಹಚ್ಚಿದ ತಟ್ಟೆಯನ್ನು ಹಾಗೇ ಬಿಟ್ಟೆ. ಒದ್ದೆ ಕೈಯಲ್ಲೇ ಬಂದು ಹರಿದುಹಾಕಿದೆ.

ಎರಡನೆಯದು: ಹಡಗನ್ನು ಕೆರೆಗೆ ಬಿಡುತ್ತಾರೆ, ಅದು ತೇಲುತ್ತದೆ, ಬ್ಯಾಂಡಿನವರು ಬಾರಿಸುತ್ತಾರೆ. ಕೆರೆ, ಬ್ಯಾಂಡು ಎರಡನ್ನೂ ಹೊಂದಿಸುವವರು ಯಾರು? ನಾನೇ. ಬೇಡ.

ಮೂರನೆಯದು ನಡೆದದ್ದು.

ಭಾನುವಾರ ಅತ್ತೆ ಚೀಲ ಹಿಡಿದು ನೆಟ್ಟಗೆ ಹಿಂದಿನ ಕೋಣೆಗೆ ನಡೆದರು. ಗ್ರಂಥಾಲಯದ ಇಬ್ಬರು ಹಗ್ಗ ಹಿಡಿದು ಆಗಲೇ ನಿಂತಿದ್ದರು. ಬಾಗಿಲಾಚೆ ಚಾಚಿದ್ದ ಬಾಲದ ಹತ್ತಿರ ಅತ್ತೆ ನಿಂತರು, ಬಗ್ಗಿದರು, ನಾಲಿಗೆಯಿಂದ ತಮ್ಮ ಬರಿ ವಸಡನ್ನೊಮ್ಮೆ ಸವರಿ ನೋಡಿಕೊಂಡರು.

“ಇದು ನನ್ನದು,” ಎಂದರು.

ಮಗಳು ತನ್ನ ಬಾಲ್ಕನಿಯನ್ನೊಮ್ಮೆ, ಅಜ್ಜಿಯ ಬಾಯನ್ನೊಮ್ಮೆ ನೋಡಿದಳು. ಇವರು ಫ್ಯಾನಿನಲ್ಲಿ ಏನೋ ದೋಷ ಹುಡುಕತೊಡಗಿದರು. ಯಾವ ಮಾತು ಬಂದರೂ ನನ್ನ ತಲೆಗೆ ಕಟ್ಟಿಕೊಳ್ಳೋಣ ಎಂದು ನಾನು ಮುಂದೆ ಬಂದೆ. ಅತ್ತೆ ಗೋಡೆ ಹಿಡಿದು ನಿಧಾನವಾಗಿ ನೆಲಕ್ಕೆ ಕೂತರು.

“ಇಲ್ಲಿ ನಿಂತಿರೋದು ಯಾರು?”

“ಕ್ಯಾಪ್ಟನ್, ಅಜ್ಜಿ,” ಎಂದಳು ಮಗಳು.

“ಇವನಿಗೆ ತಾಯಿ ಇಲ್ವಾ?”

“ಇರಬಹುದು.”

“ಮತ್ತೆ ಅವಳು ಎಲ್ಲಿ ಮಲಗ್ತಾಳೆ?”

ಅಪ್ಪ ಮಗಳು ಒಬ್ಬರನ್ನೊಬ್ಬರು ನೋಡಿದರು. ಹಡಗಿನಲ್ಲಿ ಲಿಫ್ಟಿತ್ತು, ಲಿಫ್ಟಿನವನ ಕುರ್ಚಿಗೆ ದಿಂಬಿತ್ತು. ಕ್ಯಾಪ್ಟನ್ನನ ಅಮ್ಮನಿಗೆ ಕೋಣೆಯೇ ಇರಲಿಲ್ಲ.

“ಡೆಕ್ ಬಿಚ್ಚಬೇಕಾಗುತ್ತೆ,” ಎಂದರು ಇವರು.

“ಪೂರ್ತಿ ಬಿಚ್ಚಬೇಕು ಅಪ್ಪ.”

“ಕಿಟಕಿ ಇಡಿ,” ಅತ್ತೆ ಎಂದರು. “ಗಾಳಿ ಇಲ್ಲದಿದ್ರೆ ಅವಳಿಗೆ ನಿದ್ದೆ ಬರಲ್ಲ.”

ಗ್ರಂಥಾಲಯದವರಿಗೆ ಟೀ ಕೊಟ್ಟು ಹಗ್ಗ ಸುತ್ತಿಸಿ ಕಳಿಸಿದೆ. ಅತ್ತೆಗೆ ಮಗಳ ಕೋಣೆ ಸಿಕ್ಕಿತು, ಮಗಳಿಗೆ ನಡುಮನೆಯ ಸೋಫಾ.

7

ಇಲ್ಲಿ ‘ಮುಗಿಯಿತು’ ಎಂದು ಬರೆಯಲು ಕೂತಿದ್ದೆ. ಒಳಗಿಂದ ಮಗಳು ಕೂಗಿದಳು, “ಅಮ್ಮಾ, ಇಲ್ಲಿ ಬಂದು ಸ್ವಲ್ಪ ಹಿಡ್ಕೋ.”

ಕ್ಯಾಪ್ಟನ್ನನ ಅಮ್ಮನ ಕೋಣೆಯ ಗೋಡೆಯಂತೆ. ಅಂಟು ಒಣಗುವ ತನಕ ಅಲುಗಿಸಬಾರದಂತೆ. ಅತ್ತೆಯ ಕೈಯಲ್ಲಿ ಅಂಟಿನ ಬಾಟಲಿಯಿದೆ, ಉಳಿದಿಬ್ಬರ ಕೈಯಲ್ಲಿ ಉಳಿದ ಗೋಡೆಗಳಿವೆ. ಮಡಚಲು ಉಳಿದಿದ್ದ ಬಟ್ಟೆಯನ್ನು ಹಾಗೇ ಬಿಟ್ಟು ಒಳಗೆ ಬಂದು ಕೂತಿದ್ದೇನೆ. ಎಡಗೈಯಲ್ಲಿ ಗೋಡೆ, ಬಲಗೈಯಲ್ಲಿ ಪೆನ್ನು, ಕಾಗದ ಮೊಣಕಾಲ ಮೇಲೆ. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೊಳ್ಳಿ.

ಎಷ್ಟು ಹೊತ್ತು ಹಿಡಿದಿರಬೇಕು ಎಂದು ಕೇಳಿದೆ. ಅವಸರವೇನು ಎಂದರು ಇವರು. ನಾನು ಮತ್ತೆ ಕೇಳಲಿಲ್ಲ. ಇವರು ಚಿಕ್ಕವರಿದ್ದಾಗಿನ ಏನನ್ನೋ ಅತ್ತೆ ಹೇಳಲು ಹೊರಟಿದ್ದಾರೆ. ಅದೊಂದು ಬೇಡಮ್ಮ ಎನ್ನುತ್ತಿದ್ದಾರೆ ಇವರು. ಹೇಳಜ್ಜಿ ಎನ್ನುತ್ತಿದ್ದಾಳೆ ಮಗಳು. ಪೆನ್ನು ಕೆಳಗಿಡುತ್ತೇನೆ.

ಎರಡು ಕೈಯೂ ಬೇಕಂತೆ.