ನೆಲಮಾಳಿಗೆಯಲ್ಲಿ ಜಗಳದ ಹಾಡು

ಸುಂಟರಗಾಳಿಯ ಸೈರನ್ ಕೂಗಿದಾಗ ಆರ್ಫಾ ಚರ್ಚಿನ ಅಡುಗೆಮನೆಯಲ್ಲಿ ಬೀನ್ಸ್ ಬೇಯಿಸುತ್ತಿದ್ದಳು. ಒಲೆ ಆರಿಸಿ ಅಲ್ಲಿ ಸೇರಿದ್ದ ಜನ, ಮಕ್ಕಳೊಂದಿಗೆ ನೆಲಮಾಳಿಗೆಗೆ ಇಳಿದಳು. ಮಗಳು ಜನೆಲ್ ಶಾಲೆಯ ಬಸ್ಸು ಓಡಿಸುವವಳು. ಮಕ್ಕಳನ್ನು ಮನೆಗೆ ಬಿಡುವ ಹೊತ್ತು ಅದು. ಅವಳಿಗೆ ಫೋನು ಹೋಗುತ್ತಿರಲಿಲ್ಲ.

ಬಾಗಿಲು ಹಾಕುವಷ್ಟರಲ್ಲಿ ಜನೆಲ್‌ಳ ಅಪ್ಪ ವರ್ಡೆಲ್ ತೊಯ್ದು ತೊಪ್ಪೆಯಾಗಿ ಒಳಗೆ ನುಗ್ಗಿದ.

"ಜನೆಲ್ ಇಲ್ಲಿಗೆ ಬಂದ್ಲಾ?"

"ಬಂದಿದ್ರೆ ನಾನು ಹಿಂಗೆ ನಿಂತಿರ್ತಿದ್ನಾ?" ಎಂದಳು ಆರ್ಫಾ. ಅಷ್ಟು ಹೇಳಿ ಮುಖ ತಿರುಗಿಸಿದಳು.

ಅಮೆರಿಕದ ಕೆಂಟಕಿಯ ಆ ಸೀಮೆಯಲ್ಲಿ ಇವರಿಬ್ಬರ ಹಾಡು ಕೇಳದವರಿಲ್ಲ. ಗಂಡ ಹೆಂಡತಿ ಒಬ್ಬರನ್ನೊಬ್ಬರು ಹಂಗಿಸುವ ಹಾಡು. ಒಂದು ಮಧ್ಯಾಹ್ನ ಕಾರಿನಲ್ಲಿ ಹೋಗುತ್ತ, ನಿಜವಾಗಿಯೂ ಕಿತ್ತಾಡುತ್ತ ಕಟ್ಟಿದ್ದು. ಅವರು ಕಣ್ಣೀರು ಹಾಕಿ ಬರೆದ ಹಾಡುಗಳನ್ನೆಲ್ಲ ಜನ ಮರೆತರು. ಇದೊಂದು ಮಾತ್ರ ಮದುವೆ ಮನೆಗಳಲ್ಲಿ, ಮೀನು ಹುರಿಯುವ ಕೂಟಗಳಲ್ಲಿ ಉಳಿದುಕೊಂಡಿತು. ಆಮೇಲೊಮ್ಮೆ ಆರ್ಫಾ ತಾಯಿಯ ಆರೈಕೆಗೆಂದು ಊರಲ್ಲಿ ಉಳಿದಾಗ, ವರ್ಡೆಲ್ ಬೇರೊಬ್ಬಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಊರೂರಲ್ಲಿ ಅದೇ ಹಾಡು ಹಾಡಿದ. ಹಾಡಿನಿಂದ ಶುರುವಾದದ್ದು ಹಾಡಿಗೇ ನಿಲ್ಲಲಿಲ್ಲ. ವಿಚ್ಛೇದನವಾಯಿತು. ಅಂದಿನಿಂದ ಆರ್ಫಾ ಆ ಹಾಡಿಗೆ ಬಾಯಿ ತೆರೆದಿರಲಿಲ್ಲ.

ದೀಪ ಹೋಯಿತು. ಗಾಳಿಯ ಒತ್ತಡ ಕುಸಿದು ಕಿವಿಯೊಳಗೆ ಹತ್ತಿ ತುರುಕಿದಂತಾಯಿತು. ಮೇಲೆ ಏನೋ ಉರುಳಿ ಬಿತ್ತು. ಮಕ್ಕಳು ಕಿರುಚಿದವು.

"ಏ ವರ್ಡೆಲ್," ಸ್ಟೋವಾಲ್ ಅಜ್ಜಿಯ ಧ್ವನಿ ಕತ್ತಲಲ್ಲಿ ಕೇಳಿಸಿತು. "ಬಾಯಿಗೆ ಬೀಗ ಹಾಕ್ಕೊಂಡಿದೀಯೇನೋ? ಆ ಜಗಳದ ಹಾಡು ಹಾಡೋ. ಮಕ್ಳು ಹೆದರ್ಕೊಂಡು ಸಾಯ್ತಿದಾವೆ."

"ಅಜ್ಜಿ, ನನ್ನ ಮಗಳು ರಸ್ತೆ ಮೇಲಿದಾಳೆ," ಆರ್ಫಾ ಸಿಡಿದಳು. "ನಗೋ ಹಾಡು ಬೇಕಾ ನಿಮ್ಗೆ ಈಗ?"

"ಈಗಲ್ದೆ ಇನ್ಯಾವಾಗ ಕಣೇ?"

ವರ್ಡೆಲ್ ಗಂಟಲು ಸರಿಮಾಡಿಕೊಂಡ. ಆರ್ಫಾಳ ಮೈ ಉರಿದುಹೋಯಿತು. ಅವನು ಒಡಕು ದನಿಯಲ್ಲಿ ಎತ್ತಿಕೊಂಡೇಬಿಟ್ಟ:

"ನಿನ್ನ ಜೋಳದ ರೊಟ್ಟಿ ಚಕ್ರದಡಿ ಇಟ್ರೆ ಲಾರೀನೂ ನಿಲ್ಲುತ್ತೆ..."

ಹೆಂಡತಿಯ ಸಾಲು ಬರಬೇಕಾದಲ್ಲಿ ನಿಲ್ಲಿಸಿದ. ಮೇಲೆ ಮರ ಸೀಳುವ ಸದ್ದು.

ಮೂಲೆಯಿಂದ ಒಂದು ಪುಟ್ಟ ಹುಡುಗಿ ಅಳುತ್ತಳುತ್ತಲೇ ಹಾಡಿದಳು: "ನಿನ್ನ ಗೊರಕೆ ಕೇಳಿ ಪಕ್ಕದ ಊರಿನ ಹಸು ಈಯುತ್ತೆ!"

ಮುಂದಿನ ಸಾಲಿಗೆ ಹೆಂಗಸರೆಲ್ಲ ಸೇರಿಕೊಂಡರು. ಆರ್ಫಾ ಕಿವಿಗೊಟ್ಟು ಕೇಳಿದಳು. ಕೊನೆಯ ಪದಕ್ಕೆ ಮುಂಚೆ ಬಿಕ್ಕಳಿಕೆಯಂಥ ಒಂದು ಸಣ್ಣ ನಗು ಬರುತ್ತಿತ್ತು. ಅದು ಅವಳದೇ. ಮೊದಲ ಸಲ ಹಾಡಿದಾಗ ತಡೆಯಲಾರದೆ ನಕ್ಕದ್ದು. ವರ್ಡೆಲ್ ಪಕ್ಕದಲ್ಲಿ ನಿಂತು ಹಾಡಿದ ಆ ಇನ್ನೊಬ್ಬಳು ಹಾಗೆ ನಗುತ್ತಿರಲಿಲ್ಲ. ಈ ಹೆಂಗಸರು ಮಾತ್ರ ಇಷ್ಟು ವರ್ಷವೂ ಆರ್ಫಾಳಂತೆಯೇ ಹಾಡಿಕೊಂಡು ಬಂದಿದ್ದರು.

ಮೂರನೆಯ ಸರದಿಗೆ ಆರ್ಫಾ ಎದ್ದು ನಿಂತಳು. ಹಾಡಿನಲ್ಲಿ ಇಲ್ಲದ ಸಾಲು ಬಾಯಿಗೆ ಬಂತು:

"ಊರೂರಲ್ಲಿ ಹೆಂಡ್ತಿ ವೇಷಕ್ಕೆ ಹೆಣ್ಣು ಹುಡುಕ್ಕೊಂಡೆ ನೀನು, ಮನೇಲಿ ಗಂಡನ ವೇಷಕ್ಕೆ ನಂಗ್ಯಾರೂ ಸಿಗ್ಲಿಲ್ಲ!"

ಕತ್ತಲಲ್ಲಿ ಗೊಳ್ಳೆಂದು ನಗು ಎದ್ದಿತು. ಎಲ್ಲರೂ ವರ್ಡೆಲ್ಲನ ಎದುರೇಟಿಗೆ ಕಾದರು.

"ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ, ಆರ್ಫಾ," ಎಂದ ಅವನು. ರಾಗವಿರಲಿಲ್ಲ. ಅದೂ ಹಾಡಿನ ಭಾಗವೆಂದುಕೊಂಡು ಜನ ಮತ್ತೆ ನಕ್ಕರು. ಆರ್ಫಾ ನಗಲಿಲ್ಲ.

ಅಷ್ಟರಲ್ಲಿ ಚಾವಣಿ ಕಿತ್ತುಹೋದ ಸದ್ದು. ಎಲ್ಲರೂ ಒಬ್ಬರ ಮೇಲೊಬ್ಬರು ಕವುಚಿ ಬಿದ್ದರು. ಸುಣ್ಣ, ಮಣ್ಣು, ನೀರು ತಲೆ ಮೇಲೆ ಸುರಿಯಿತು. ಆಮೇಲೆ ಎಲ್ಲ ತಣ್ಣಗಾಯಿತು.

ಹೊರಗೆ ಬಂದಾಗ ಚರ್ಚಿನ ಗೋಡೆಗಳಷ್ಟೇ ನಿಂತಿದ್ದವು. ವರ್ಡೆಲ್ಲನ ಪಿಕಪ್ ಗಾಡಿಯ ಗಾಜು ಒಡೆದಿತ್ತು, ಎಂಜಿನ್ನು ಮಾತ್ರ ಶುರುವಾಯಿತು. ಆರ್ಫಾ ಕೇಳದೆ ಹತ್ತಿ ಕೂತಳು. ವರ್ಡೆಲ್ ಮಗಳ ಬಸ್ಸಿನ ದಾರಿ ಹಿಡಿದ. ಬಿದ್ದ ಮರಗಳನ್ನು ಬಳಸಿ, ಹೊಲಕ್ಕಿಳಿಸಿ, ಮತ್ತೆ ರಸ್ತೆಗೆ ಹತ್ತಿಸಿ ಓಡಿಸಿದ. ತಿರುವಿನಲ್ಲಿ ಹಳದಿ ಬಸ್ಸು ಮಗುಚಿ ಬಿದ್ದಿತ್ತು.

ಆರ್ಫಾ ಗಾಡಿ ನಿಲ್ಲುವ ಮುಂಚೆಯೇ ಜಿಗಿದಳು. ಬಸ್ಸು ಖಾಲಿ. ವರ್ಡೆಲ್ ರಸ್ತೆಯಂಚಿನಲ್ಲಿ ನಿಂತು ಮಗಳ ಹೆಸರು ಹಿಡಿದು ಕೂಗಿದ, ಕೂಗಿದ.

ರಸ್ತೆಯಡಿಯ ಕಾಂಕ್ರೀಟ್ ಮೋರಿಯಿಂದ ಕೆಸರು ಮೆತ್ತಿದ ಒಂದು ಕೈ ಬಂತು. ಹಿಂದೆಯೇ ಮಕ್ಕಳು, ಒಂದೊಂದಾಗಿ. ಕೊನೆಗೆ ಜನೆಲ್. ಹಣೆಯಲ್ಲಿ ರಕ್ತ, ಕೂಗಿ ಕೂಗಿ ಧ್ವನಿ ಬಿದ್ದುಹೋಗಿತ್ತು. ಅಪ್ಪನನ್ನೂ ಅಮ್ಮನನ್ನೂ ಅವರ ಹಿಂದಿದ್ದ ಗಾಡಿಯನ್ನೂ ನೋಡಿದಳು.

"ಇಬ್ರೂ ಒಂದೇ ಗಾಡೀಲಿ ಬಂದ್ರಾ?" ಎಂದಳು ಪಿಸುದನಿಯಲ್ಲಿ.

"ನನ್ ಕಾರಿನ ಮೇಲೆ ಚರ್ಚಿನ ಗೋಪುರ ಬಿದ್ದಿದೆ ಕಣೇ, ಇನ್ನೇನ್ ಮಾಡ್ಲಿ?" ಎಂದಳು ಆರ್ಫಾ. ಹಾಗೆನ್ನುತ್ತಲೇ ಮಗಳನ್ನು ಬಾಚಿ ತಬ್ಬಿಕೊಂಡು ಜೋರಾಗಿ ಅತ್ತಳು. ವರ್ಡೆಲ್ ತನ್ನ ಕೋಟು ಬಿಚ್ಚಿ ನಡುಗುತ್ತಿದ್ದ ಮಗುವೊಂದಕ್ಕೆ ಹೊದಿಸಿದ. ಆಮೇಲೆ ಒಂದೊಂದೇ ಮಗುವನ್ನು ಎತ್ತಿ ಗಾಡಿಗೆ ಹತ್ತಿಸತೊಡಗಿದ.