ಬಿಳಿಕಲ್ಲು ದಾಟುವ ಮೊದಲು

ನಮ್ಮ ಕಣಿವೆಗೆ ರಸ್ತೆಯಿಲ್ಲ. ಅಮೆರಿಕದ ಐಡಹೋ ರಾಜ್ಯದ ಬೆಟ್ಟಗಳ ಒಳಗೆ, ಐದು ಸಾವಿರ ಅಡಿ ಎತ್ತರದಲ್ಲಿ, ಹುಲ್ಲಿನ ಒಂದು ಪಟ್ಟಿ ಇದೆ. ಸಣ್ಣ ವಿಮಾನಗಳು ಅಲ್ಲೇ ಇಳಿಯಬೇಕು, ಅಲ್ಲಿಂದಲೇ ಏಳಬೇಕು. ಪಟ್ಟಿಯ ಪಕ್ಕದಲ್ಲಿ ನನ್ನ ಅಡುಗೆಮನೆ. ಬೆಳಗಿನ ತಿಂಡಿಗೆಂದೇ ವಿಮಾನ ಹಾರಿಸಿಕೊಂಡು ಬರುವವರಿದ್ದಾರೆ. ಮೊದಲೆಲ್ಲ ಬಂದವರು ಮೇಜಿನಿಂದ ಬೇಗ ಏಳುತ್ತಿರಲಿಲ್ಲ. ಏಳಲು ಬಿಡದವಳು ನಾನೇ, ಈ ನೆಡ್ರಾ. ಎರಡನೇ ಲೋಟ ಕಾಫಿ ಕುಡಿಯದೆ ಹೋದರೆ ನಾನು ಮುಖ ಊದಿಸಿಕೊಳ್ಳುತ್ತೇನೆಂದು ಎಲ್ಲರಿಗೂ ಗೊತ್ತಿತ್ತು.

ಕಳೆದ ಜುಲೈನಲ್ಲಿ ನನ್ನ ಅಣ್ಣನ ಮಗ ಕೋಲ್ಟರ್ ಹೆಂಡತಿ ಮಾರ್ಲಾಳ ಜೊತೆ ಬಂದ. ಕ್ಯಾನ್ಸಸ್‌ನ ಬಯಲಿನಲ್ಲಿ ಹಾರಾಟ ಕಲಿತವನು. ಬೆಟ್ಟದ ಹಾರಾಟ ಕಲಿಯಲು ಟ್ವಿಲಾಳ ಹತ್ತಿರ ಮೂರು ದಿನ ಪಾಠ ಹೇಳಿಸಿಕೊಂಡ. ಟ್ವಿಲಾ ಇಪ್ಪತ್ತು ವರ್ಷದಿಂದ ಇಲ್ಲೇ ಕಲಿಸುವವಳು, ಯಾರ ಮುಲಾಜೂ ಇಲ್ಲ.

ಮೂರನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಕೋಲ್ಟರ್ ಊಟ ಮುಗಿಸಿ ಎದ್ದ.

"ಅತ್ತೆ, ನಾವು ಹೊರಡ್ತೀವಿ. ಸಂಜೆ ಬಾಯ್ಸಿಯಲ್ಲಿ ಮಾರ್ಲಾ ತಂಗಿ ಹುಟ್ಟುಹಬ್ಬ."

ಟ್ವಿಲಾ ಬಾಗಿಲಿನ ಉಷ್ಣಮಾಪಕ ನೋಡಿದಳು. ಮೂವತ್ತು ಡಿಗ್ರಿ.

"ಈಗ ಬೇಡ ಕಣಪ್ಪ. ನಾಳೆ ಬೆಳಗ್ಗೆ ಆರಕ್ಕೆ ಹೋಗು."

"ಯಾಕೆ ಟ್ವಿಲಕ್ಕ? ಆಕಾಶ ನೋಡಿ, ಒಂದು ಚೂರು ಮೋಡ ಇಲ್ಲ."

"ಮೋಡ ಇಲ್ದಿದ್ರೆ ಆಗೋಯ್ತಾ? ಬಿಸಿಯಾದ್ರೆ ಗಾಳಿ ತೆಳ್ಳಗಾಗತ್ತೆ. ಎಂಜಿನ್‌ಗೆ ಉಸಿರು ಸಾಲಲ್ಲ, ರೆಕ್ಕೆಗೆ ಬಲ ಸಾಲಲ್ಲ. ಈ ಹೊತ್ನಲ್ಲಿ ನಿನ್ನ ವಿಮಾನದ ಪಾಲಿಗೆ ಇದು ಐದು ಸಾವಿರ ಅಡಿ ಅಲ್ಲ, ಎಂಟು ಸಾವಿರ. ಸುಮ್ನೆ ಓಡ್ತಾನೇ ಇರತ್ತೆ, ಏಳಲ್ಲ."

ಅಷ್ಟರಲ್ಲಿ ಮಾರ್ಲಾ ಒಂದು ಪೆಟ್ಟಿಗೆಯನ್ನು ಏದುಸಿರು ಬಿಡುತ್ತಾ ಹೊರಗೆ ಒಯ್ಯುತ್ತಿದ್ದಳು.

"ಅದ್ರಲ್ಲಿ ಏನಮ್ಮಾ?" ಎಂದಳು ಟ್ವಿಲಾ.

"ನದಿ ಕಲ್ಲು. ನಮ್ಮ ತೋಟಕ್ಕೆ. ಎಷ್ಟು ನುಣುಪು ನೋಡಿ!"

"ಬೆಟ್ಟಾನೇ ಕಿತ್ಕೊಂಡು ಹೋಗ್ತೀರೇನ್ರಮ್ಮಾ? ತೂಕ ಮಾಡಿದ್ರಾ?"

"ಅಂದಾಜಿದೆ ಬಿಡಿ," ಎಂದು ಕೋಲ್ಟರ್ ನಕ್ಕ. "ನಮ್ಮಪ್ಪನ ವಿಮಾನದ್ದು ಹಳೇ ಎಂಜಿನ್, ಕೈಕೊಡ್ತು. ನಂದು ಹೊಸದು. ಅದಕ್ಕೇ ಅಲ್ವಾ ಇದ್ದಬದ್ದ ದುಡ್ಡೆಲ್ಲ ಸುರಿದು ಹಾಕ್ಸಿದ್ದು?"

ಆ ಮಾತು ಕೇಳಿ ನಾನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟೆ. ಅವನಪ್ಪ, ನನ್ನ ಅಣ್ಣ ಆರ್ವಿಲ್, ಆರು ವರ್ಷದ ಹಿಂದೆ ಇದೇ ಪಟ್ಟಿಯ ಕೊನೆಯ ಪೈನ್ ಮರಗಳಿಗೆ ಬಡಿದು ತೀರಿಕೊಂಡ.

"ಕೋಲ್ಟರ್, ಕೂತ್ಕೋ. ಎಂಜಿನ್ ಕೈಕೊಟ್ಟಿರ್ಲಿಲ್ಲ ಕಣೋ."

"ಅಮ್ಮ ಹಾಗೇ ಹೇಳೋದು."

"ಅಮ್ಮಂಗೆ ಹಾಗೆ ಹೇಳಿದ್ದು ನಾನು. ತನಿಖೆಗೆ ಬಂದವ್ರು ಇದೇ ಮೇಜಿನ ಮುಂದೆ ಕೂತು, ಎಂಜಿನ್ ಚೆನ್ನಾಗೇ ಇತ್ತು ಅಂದ್ರು. ಆಮೇಲೆ ಅವ್ರು ಕಳ್ಸಿದ ಕಾಗದಾನ ನಿಮ್ಮಮ್ಮ ಬಿಚ್ಚಲೇ ಇಲ್ಲ. ನಾನೂ ಬಾಯಿ ಬಿಡ್ಲಿಲ್ಲ."

ಶುರು ಮಾಡಿದ ಮೇಲೆ ನನಗೂ ನಿಲ್ಲಿಸಲಾಗಲಿಲ್ಲ.

"ಅವತ್ತು ಅಣ್ಣ ಬೆಳಗ್ಗೆ ಆರಕ್ಕೇ ಹೊರಟು ನಿಂತಿದ್ದ. ಹಕಲ್‌ಬೆರಿ ಹಣ್ಣಿನ ಪೈ ಒಲೇಲಿದೆ, ತಿಂದ್ಕೊಂಡು ಹೋಗು ಅಂದೆ. ತಿಂದ. ಇನ್ನೊಂದು ಚೂರು ಅಂದೆ. ಕಾಫಿ ಅಂದೆ. ಹರಟೆ ಹೊಡೀತಾ ಹನ್ನೊಂದೂವರೆ ಆಯ್ತು. ಇವತ್ತಿನ ಹಾಗೇ ಸುಡು ಬಿಸಿಲು. ಆಮೇಲೆ ಇಪ್ಪತ್ನಾಲ್ಕು ಬಾಟಲಿ ಜಾಮ್ ಹಿಂದೆ ತುಂಬಿಸ್ದೆ. 'ಭಾರ ಆಗತ್ತೆ ನೆಡ್ರಾ' ಅಂದ. 'ತಂಗಿ ಕೊಟ್ಟಿದ್ದು ನಿಂಗೆ ಭಾರಾನಾ?' ಅಂತ ಚುಚ್ಚಿದೆ. ಸುಮ್ನಾದ."

ಪಟ್ಟಿಯ ಅರ್ಧದಲ್ಲಿ ಸುಣ್ಣ ಬಳಿದ ಒಂದು ಕಲ್ಲಿದೆ. ಗಂಟೆಗೆ ಐವತ್ತು ಮೈಲಿ ವೇಗಕ್ಕೆ ನೆಲ ಬಿಡುವ ವಿಮಾನಕ್ಕೆ ಆ ಕಲ್ಲಿನ ಹತ್ತಿರ ಮೂವತ್ತೈದಾದರೂ ಬಂದಿರಬೇಕು. ಬಂದಿಲ್ಲವೆಂದರೆ ಎಂಜಿನ್ ತಗ್ಗಿಸಿ ಬ್ರೇಕ್ ಹಾಕಬೇಕು. ಇದು ಇಲ್ಲಿಯ ಕಟ್ಟಳೆ.

"ಬಿಳಿಕಲ್ಲಿನ ಹತ್ರ ವಿಮಾನ ತೆವಳ್ತಾ ಇತ್ತು," ಎಂದೆ. "ಅಣ್ಣಂಗೂ ಗೊತ್ತಾಗಿರ್ಬೇಕು. ಆದ್ರೆ ನಾನು ಬಾಗಿಲಲ್ಲಿ ನಿಂತು ಕೈ ಬೀಸ್ತಿದ್ದೆ. ನಿಲ್ಲಿಸಿದ್ರೆ ಆಡ್ಕೋತೀನಿ ಅಂತ ಅಂದ್ಕೊಂಡ್ನೋ ಏನೋ. ನಿಜವಾಗ್ಲೂ ಆಡ್ಕೋತಿದ್ದೆ ಕಣೋ."

ಕೋಲ್ಟರ್ ಕುರ್ಚಿ ಎಳೆದು ಕೂತ.

"ಆರು ವರ್ಷ ಹೇಳ್ಲಿಲ್ಲ ನೀವು."

"ಹೇಳ್ಲಿಲ್ಲ."

"ಎಂಜಿನ್ ಒಂದನ್ನೇ ನಂಬ್ಕೊಂಡು ಇವತ್ತು ನಾನು ಇವಳನ್ನ ಕೂರಿಸ್ಕೊಂಡು…"

ಮಾರ್ಲಾ ಪೆಟ್ಟಿಗೆಯನ್ನು ವಾಪಸು ತಂದು ಕಲ್ಲುಗಳನ್ನು ಮೆಟ್ಟಿಲ ಪಕ್ಕ ಸುರಿದಳು. ತಂಗಿಗೆ ಫೋನು ಮಾಡಿ, "ಕೇಕು ನನಗೂ ಸ್ವಲ್ಪ ಎತ್ತಿಡೇ, ನಾಳೆ ಬರ್ತೀವಿ" ಎಂದಳು.

ಸಂಜೆ ಟ್ವಿಲಾ ತೂಕದ ಯಂತ್ರ ತಂದು ಇಬ್ಬರನ್ನೂ ಬ್ಯಾಗುಗಳ ಸಮೇತ ತೂಗಿದಳು. ಕೋಲ್ಟರ್‌ನ ಅಂದಾಜಿಗಿಂತ ನಲವತ್ತು ಕಿಲೋ ಜಾಸ್ತಿ ಬಂತು. ಕಣಿವೆಯೊಳಗೆ ನಟ್ಟನಡುವೆ ಹಾರಬೇಡ, ಒಂದು ಬದಿಗೆ ಸರಿದು ಹಾರು, ಆಗ ಹಿಂತಿರುಗಲು ಪೂರ್ತಿ ಅಗಲ ಸಿಗುತ್ತದೆ ಎಂದು ಮತ್ತೊಮ್ಮೆ ಹೇಳಿಕೊಟ್ಟಳು. ಈ ಸಲ ಅವನು ಬರೆದುಕೊಂಡ.

ಮರುದಿನ ಬೆಳಗ್ಗೆ ಆರಕ್ಕೆ ಹುಲ್ಲಿನ ಮೇಲೆ ಇಬ್ಬನಿ ಇತ್ತು. ಕೋಲ್ಟರ್ ನನ್ನ ಕಾಫಿ ಮುಟ್ಟಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ವಿಮಾನ ಓಡಿತು. ಬಿಳಿಕಲ್ಲು ಇನ್ನೂ ಮುಂದಿರುವಾಗಲೇ ಚಕ್ರಗಳು ನೆಲ ಬಿಟ್ಟವು. ನಾನು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬಾಯ್ಸಿ ಮುಟ್ಟಿದ ಮೇಲೆ ಮಾರ್ಲಾ ಫೋನು ಮಾಡಿದಳು. ಕೋಲ್ಟರ್ ಇನ್ನೂ ನನ್ನೊಡನೆ ಮಾತನಾಡಿಲ್ಲ. ಅವನ ಮೇಲೆ ನನಗೆ ಕೋಪವಿಲ್ಲ.

ಬೆಟ್ಟಗಳ ನಡುವೆ ಹಾರುವ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಎಷ್ಟೇ ವರ್ಷ ಬಯಲಿನಲ್ಲಿ ಹಾರಿದ್ದರೂ ಇಲ್ಲಿಯವರ ಹತ್ತಿರ ಮೊದಲು ಕಲಿಯಿರಿ. ತಂಪು ಹೊತ್ತಿನಲ್ಲಿ ಹೊರಡಿ. ಪ್ರತಿಯೊಂದನ್ನೂ ತೂಗಿ ಹತ್ತಿಸಿ. ಪಟ್ಟಿಯ ಅರ್ಧಕ್ಕೆ ವೇಗ ಬರದಿದ್ದರೆ ಯಾರು ನಗಲಿ ಬಿಡಲಿ, ನಿಲ್ಲಿಸಿಬಿಡಿ.

ನನ್ನಂತೆ ಅವರಿಗೆ ಉಣಬಡಿಸುವವರಿಗೂ ಒಂದು ಮಾತು. ನನ್ನ ಒಲೆ ಈಗ ಬೆಳಗ್ಗೆ ನಾಲ್ಕೂವರೆಗೆ ಹತ್ತುತ್ತದೆ, ಏಳಕ್ಕೆ ಆರುತ್ತದೆ. ಒರಟು ಹೆಂಗಸು ಎನ್ನುವವರು ಅನ್ನಲಿ. ಪ್ರೀತಿಯವರು ಹೊರಟು ನಿಂತಾಗ "ಇನ್ನೊಂದು ಚೂರು" ಎಂದು ಕೈ ಹಿಡಿದು ಕೂರಿಸಬೇಡಿ, ಬಾಗಿಲು ತೆರೆದುಕೊಡಿ. ನನ್ನ ಅಣ್ಣನಿಗೆ ನಾನು ಅಷ್ಟು ಮಾಡಿದ್ದರೆ ಸಾಕಿತ್ತು.