ಶಾಂತಪ್ಪನ ಹೆಸರಿನಲ್ಲಿ

"ಸತ್ರೂ ಹೇಳಲ್ಲ ಕಣೆ, ನೀ ಹೋಗು" ಎಂದು ಸರ್ವಮಂಗಳ ತಂಗಿ ಕುಸುಮಾಳಿಗೆ ಮಾತು ಕೊಟ್ಟು ಏಳು ವರ್ಷವಾಗಿತ್ತು. ಹೊರಟು ನಿಂತ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಎಂಟು ವರ್ಷದ ಮಗಳು ಚಿನ್ನಿಯ ಕೈ ಹಿಡಿದುಕೊಂಡು, "ಭಾವಂಗೂ ಹೇಳ್ಬಾರ್ದು" ಎಂದಿದ್ದಳು ಕುಸುಮಾ. "ಭಾವಂಗೂ ಹೇಳಲ್ಲ" ಎಂದಿದ್ದಳು ಸರ್ವಮಂಗಳ.

ಈಗ ಶನಿವಾರ ಹನ್ನೊಂದೂವರೆಗೆ, ಶನಿವಾರಸಂತೆಯ ಮೆಣಸಿನ ಮಂಡಿಯ ಒಳಕೋಣೆಯಲ್ಲಿ, ದಿಗಂತ್ ತನ್ನ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದ.

"ಈ ಶಾಂತಪ್ಪ ಯಾರು, ಆಂಟಿ?"

ಪರದೆಯ ಮೇಲೆ ಅಂಗೈಯಗಲದ ಮಸುಕು ಚಿತ್ರವಿತ್ತು. ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತಿದ್ದವು. ಓದಲಾಗದಿದ್ದರೂ ಅದು ಏನೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಮೊನ್ನೆ ಗುರುವಾರ, ಊಟದ ಹೊತ್ತಿನಲ್ಲಿ, ಹೊರಗಿನ ಕಂಪ್ಯೂಟರಿನಲ್ಲಿ ತಾನು ತೆರೆದಿದ್ದ ಕಾಗದ. ಕುಸುಮಾ ಬರೆದದ್ದು. ಅದರಲ್ಲಿ ಚಿನ್ನಿಯ ಹೊಸ ಶಾಲೆಯ ಹೆಸರಿತ್ತು, ಊರಿನ ಹೆಸರಿತ್ತು, ಬಾಡಿಗೆ ಮನೆ ಯಾವ ದೇವಸ್ಥಾನದ ಹಿಂದೆ ಎನ್ನುವುದೂ ಇತ್ತು.

"ಇದು... ನಿಮಗೆ ಎಲ್ಲಿ ಸಿಕ್ತು?"

"ಸಾಫ್ಟ್‌ವೇರ್ ಹಾಕ್ಸಿದೀನಿ ಆಂಟಿ. ಐದೈದು ನಿಮಿಷಕ್ಕೆ ನಿಮ್ಮ ಪರದೆ ಫೋಟೋ ತೆಗೆದು ನನಗೆ ಕಳಿಸುತ್ತೆ. ನಿಮ್ದು, ಎದುರು ಮೇಜಿನ ಧರ್ಮೇಶ್‌ದು, ಇಬ್ರುದೂ." ಅವನ ದನಿಯಲ್ಲಿ ಸಿಟ್ಟಿಗಿಂತ ಸಂಕೋಚವೇ ಹೆಚ್ಚಿತ್ತು. "ಬೇಜಾರು ಮಾಡ್ಕೋಬೇಡಿ. ಮೂರು ವಾರದಿಂದ ನಾವು ಶನಿವಾರ ಬೆಳಿಗ್ಗೆ ಯಾವ ರೇಟು ಬರೆದ್ರೂ ಎದುರು ಮಂಡಿಯವರು ಅದರ ಮೇಲೆ ಎರಡು ರೂಪಾಯಿ ಜಾಸ್ತಿ ಬರ್ದಿರ್ತಾರೆ. ನಾವು ಬಾಗಿಲು ತೆಗೆಯೋಕೂ ಮುಂಚೆ. ರೇಟು ಗೊತ್ತಿರೋದು ಮೂರೇ ಜನಕ್ಕೆ. ನಾನು, ನೀವು, ಧರ್ಮೇಶ್."

ದಿಗಂತ್ ಮಂಡಿಯ ಮಾಲೀಕ ದೇರಪ್ಪನವರ ಮಗ. ಊಟಿಯ ಬೋರ್ಡಿಂಗ್ ಶಾಲೆಯಲ್ಲಿ ಓದಿದವನು, ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ತಂದೆ ಕಣ್ಣಿನ ಆಪರೇಷನ್ನಿಗೆ ಮೈಸೂರಿಗೆ ಹೋದ ಮೇಲೆ ಗಲ್ಲಾದಲ್ಲಿ ಕೂತಿದ್ದ. ಹನ್ನೊಂದು ವರ್ಷ ಇಲ್ಲಿ ದುಡಿದ ಸರ್ವಮಂಗಳಳನ್ನು ಚಿಕ್ಕಂದಿನಿಂದ ಆಂಟಿ ಎಂದೇ ಕರೆದವನು.

"ಕಂಪನಿ ಮೇಲ್ ಅಲ್ಲ ಇದು. ಶಾಂತಪ್ಪ ಅಂತ ಹೆಸರು. ಹದಿನಾಲ್ಕು ಫೋಟೋ ಇದಾವೆ. ಕಳಿಸಿದ್ದು ಒಂದೂ ಕಾಣ್ಸಲ್ಲ, ಬರೆದು ಹಾಗೇ ಇಡ್ತೀರ. ಅದೇ ನಂಗೆ ಡೌಟು. ಅಲ್ಲಲ್ಲಿ ನಂಬರೂ ಇದಾವೆ."

ಶಾಂತಪ್ಪ ಎಂದರೆ ಅಕ್ಕ ತಂಗಿ ಓದಿದ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದ ಜವಾನ. ಸತ್ತು ಎಷ್ಟೋ ವರ್ಷವಾಗಿತ್ತು. ಯಾರೂ ಊಹಿಸಲಾರದ ಹೆಸರೆಂದು ಕುಸುಮಾಳೇ ಆರಿಸಿದ್ದಳು. ಒಂದೇ ಖಾತೆ, ಇಬ್ಬರಿಗೂ ಒಂದೇ ಪಾಸ್‌ವರ್ಡ್. ಒಬ್ಬಳು ಬರೆದು ಕಳಿಸದೆ ಉಳಿಸುವುದು, ಇನ್ನೊಬ್ಬಳು ತೆಗೆದು ಓದಿ ಅಳಿಸುವುದು. ಮನೆ ಬಿಟ್ಟ ಮೇಲೆ ಕುಸುಮಾ ಇದ್ದ ಹಾಸ್ಟೆಲಿನ ವಾರ್ಡನ್ ಕಲಿಸಿಕೊಟ್ಟ ಉಪಾಯ. ಕಳಿಸಿದ ಕಾಗದಕ್ಕೆ ವಿಳಾಸ ಬೇಕು, ಕಳಿಸದ ಕಾಗದಕ್ಕೆ ಬೇಡ.

ಇದನ್ನು ಸರ್ವಮಂಗಳ ಫೋನಿನಲ್ಲಿ ಎಂದೂ ತೆರೆದವಳಲ್ಲ. ಶನಿವಾರಸಂತೆಯಲ್ಲಿ ಯಾರ ಫೋನು ಕೆಟ್ಟರೂ ಹೋಗುತ್ತಿದ್ದುದು ಒಂದೇ ಅಂಗಡಿಗೆ, ಕುಸುಮಾಳ ಗಂಡ ನವೀನ್‌ಕುಮಾರನ ಅಂಗಡಿಗೆ. ಮೂರು ವರ್ಷದ ಹಿಂದೆ ಅವಳದ್ದೂ ನೀರಿಗೆ ಬಿದ್ದು ಅಲ್ಲಿಗೆ ಹೋಗಿತ್ತು. ಎರಡು ದಿನ ಇಟ್ಟುಕೊಂಡು ಕೊಡುವಾಗ ಅವನೇ ನಗುತ್ತಾ, "ಅತ್ತಿಗೆ, ನಿಮ್ಮ ಫೋನಲ್ಲಿ ಏನೂ ಇಲ್ವಲ್ಲ, ಖಾಲಿ ಡಬ್ಬ" ಎಂದಿದ್ದ. ದುಡ್ಡು ತೆಗೆದುಕೊಂಡಿರಲಿಲ್ಲ.

"ಓದಿಸ್ಬೇಕು ಆಂಟಿ, ತಪ್ಪು ತಿಳೀಬೇಡಿ" ಎಂದ ದಿಗಂತ್. "ಫೋನಲ್ಲಿ ಟ್ರಾನ್ಸ್‌ಲೇಟ್ ಹಾಕಿ ನೋಡ್ದೆ. ಫೋಟೋ ಚಿಕ್ಕದು, 'ಹುಡುಗಿಗೆ ಮೂರು ಕಾಲು ಮಳೆ' ಅಂತೇನೋ ಬಂತು. ಆಫೀಸಿನವರ ಕೈಲಿ ಓದ್ಸೋಕೆ ಆಗಲ್ಲ, ಧರ್ಮೇಶ್ ಮೇಲೂ ಡೌಟಿದೆ. ದೊಡ್ಡ ಫೋಟೋ ಒಳಗೆಲ್ಲೋ ಸೇವ್ ಆಗಿರುತ್ತಂತೆ. ಸಾಫ್ಟ್‌ವೇರ್ ಹಾಕಿದವರೇ ಹನ್ನೆರಡಕ್ಕೆ ಬರ್ತಾರೆ. ತೆಗೆದು ಓದಿ ಹೇಳ್ತಾರೆ."

"ಯಾರು ಹಾಕಿದ್ದು? ಕಂಪ್ಯೂಟರ್ ನೋಡೋ ಕುಶಾಲನಗರದ ಆ ಹುಡುಗನಾ?"

"ಅವನು ಫೋನೇ ಎತ್ತಲ್ಲ. ನೀವು ಮಗಳು ರಂಜಿತಾ ಅಡ್ಮಿಷನ್ನಿಗೆ ಅಂತ ರಜಾ ಹಾಕಿದ್ರಲ್ಲ, ಆವಾಗ ನಮ್ಮ ನವೀನಣ್ಣನ ಕೈಲಿ ಹಾಕ್ಸಿದೆ. ನಿಮ್ಮವರೇ ಅಲ್ವಾ."

ಗೋಡೆಯ ಗಡಿಯಾರದಲ್ಲಿ ಹನ್ನೊಂದು ನಲವತ್ತಾಗಿತ್ತು. ಹೊರಗೆ ಮೆಣಸಿನ ಮೂಟೆ ಇಳಿಸುವ ಸದ್ದು, ತೇವ ನೋಡುವ ಮೆಷಿನ್ನಿನ ಮುಂದೆ ರೈತರ ತಕರಾರು ಎಲ್ಲವೂ ಸರ್ವಮಂಗಳಳಿಗೆ ನೀರೊಳಗಿಂದ ಕೇಳಿದ ಹಾಗಿತ್ತು. ಕುಸುಮಾಳ ಬೆನ್ನು ನೆನಪಾಯಿತು. ಇಸ್ತ್ರಿ ಪೆಟ್ಟಿಗೆಯ ಚೂಪು ಮೂತಿ ಅಚ್ಚಾಗಿ ಕೂತಿದ್ದ ಬೆನ್ನು. ಸದ್ದು ಹೊರಗೆ ಹೋಗದಿರಲೆಂದು ನವೀನ್‌ಕುಮಾರ್ ಟೀವಿ ಜೋರು ಮಾಡಿದ್ದನಂತೆ. ಅದನ್ನು ನೋಡಿದವಳು ಸರ್ವಮಂಗಳ ಒಬ್ಬಳೇ. ಊರು ನೋಡಿದ್ದು ಬೇರೆ. ಅಂಗಡಿಯ ಗಾಜಿನ ಮೇಲೆ 'ಕಾಣೆಯಾಗಿದ್ದಾರೆ' ಎಂದು ಹೆಂಡತಿಯ, ಮಗಳ ಫೋಟೋ ಅಂಟಿಸಿಕೊಂಡು, ಇನ್ನೊಂದು ಮದುವೆಯಾಗದೆ ಉಳಿದ ಸಾಧು ಗಂಡಸು. ಒಂದು ಸಲ, ಪಕ್ಕದಲ್ಲಿ ಯಾರೂ ಇಲ್ಲದಾಗ ಅವನು ಮೆಲ್ಲಗೆ ಅಂದಿದ್ದ: "ಸಿಕ್ಕಿದ ದಿನ ನಾನು ಜಗಳ ಆಡಲ್ಲ ಅತ್ತಿಗೆ. ಮಾತೇ ಆಡಲ್ಲ."

ಹೇಳಿಬಿಡಲೇ ಎನ್ನಿಸಿತು. ಈ ಹುಡುಗ ಕೆಟ್ಟವನಲ್ಲ. ಬಾಗಿಲು ಮುಚ್ಚಿ ಎರಡು ಮಾತಿನಲ್ಲಿ ಹೇಳಿದರೆ ಮುಗಿಯಿತು. ಅವಳು ಮೊದಲು ಒಂದು ಮಾತು ಎಸೆದು ನೋಡಿದಳು.

"ದಿಗಂತ್, ಅದು ಮಂಡಿ ವಿಷಯ ಅಲ್ಲ. ಮನೆ ವಿಷಯ ಅಂದ್ರೆ ನಂಬ್ತೀರಾ?"

"ಮನೆ ವಿಷಯ ಆದ್ರೆ ಒಳ್ಳೇದೇ ಆಯ್ತಲ್ಲ ಆಂಟಿ! ನವೀನಣ್ಣನೂ ನಿಮ್ಮನೆಯವರೇ. ಅವರು ನೋಡಿದ್ರೆ ತಪ್ಪೇನು? ಓದಿ, ಹೌದು ಮನೆದೇ ಅಂತ ಒಂದು ಮಾತು ಅಂದ್ರೆ ನಂಗೂ ಸಮಾಧಾನ." ಸ್ವಲ್ಪ ತಡೆದು ಸೇರಿಸಿದ: "ಪಾಪ ಅವರು. ಆವತ್ತು ಸಾಫ್ಟ್‌ವೇರ್ ಹಾಕುವಾಗಲೂ ಹೆಂಡ್ತಿ ವಿಷಯ ಹೇಳ್ಕೊಂಡು ಅತ್ತುಬಿಟ್ರು. ನನಗೇನಾದ್ರೂ ಆಕೆ ಎಲ್ಲಿದಾಳೆ ಅಂತ ಗೊತ್ತಾದ್ರೆ ಆ ಕ್ಷಣ ಫೋನ್ ಮಾಡಿ ಹೇಳ್ತೀನಿ."

ಅವನಿಗೆ ಹೇಳುವ ದಾರಿ ಅಲ್ಲಿಗೆ ಮುಚ್ಚಿತು.

ಹನ್ನೊಂದು ಐವತ್ತು. ಖಾತೆಯನ್ನೇ ಅಳಿಸಿದರೆ? ಫೋಟೋಗಳು ಇಲ್ಲಿವೆಯಲ್ಲ. ಲ್ಯಾಪ್‌ಟಾಪ್ ಎತ್ತಿ ನೆಲಕ್ಕೆ ಹಾಕಿದರೆ? ಅವನಿಗೆ ಸಂಶಯ ಗಟ್ಟಿಯಾಗುತ್ತದೆ, ರಿಪೇರಿಗೆ ಹೋಗುವುದೂ ಅದೇ ಅಂಗಡಿಗೆ. ಕುಸುಮಾಳಿಗೆ ಓಡು ಎಂದು ತಿಳಿಸಬೇಕಾದರೂ ಇದೇ ಕಂಪ್ಯೂಟರಿನಲ್ಲಿ ಬರೆಯಬೇಕು, ಅದರ ಫೋಟೋವೂ ಐದು ನಿಮಿಷದೊಳಗೆ ಇಲ್ಲಿಗೇ ಬರುತ್ತದೆ. ಓದುವ ಅಗತ್ಯವೇ ಇಲ್ಲದ ಹಾಗೆ ಮಾಡಬೇಕು. ಅದಕ್ಕಿದ್ದದ್ದು ಒಂದೇ ದಾರಿ.

"ರೇಟು ಕೊಟ್ಟೋಳು ನಾನೇ" ಎಂದಳು.

ದಿಗಂತನ ಮುಖ ಬಿಳಿಚಿಕೊಂಡಿತು. ಅವನು ಇಂಥ ಉತ್ತರಕ್ಕೆ ತಯಾರಾಗಿರಲಿಲ್ಲ. "ಆಂಟಿ..."

"ಶಾಂತಪ್ಪ ಒಬ್ಬ ದಲ್ಲಾಳಿ. ಹಾಸನದ ಕಡೆಯವನು. ನಾನು ಬರೆದಿಡ್ತೀನಿ, ಅವನು ತೆಗೆದು ನೋಡ್ಕೋತಾನೆ. ಅವನು ಎದುರು ಮಂಡಿಗೆ ಹೇಳ್ತಾನೆ. ಅಷ್ಟೇ."

"ಯಾಕಾಂಟಿ? ಅಪ್ಪ ನಿಮ್ಮನ್ನ ಮನೆ ಮಗಳ ಥರ..."

"ಯಾಕೆ ಅಂತ ಕೇಳ್ಬೇಡಿ. ಬೇಕಾದ್ರೆ ಕೈಯಾರೆ ಬರ್ಕೊಡ್ತೀನಿ, ಸೈನ್ ಹಾಕ್ತೀನಿ, ಇವತ್ತೇ ಕೆಲಸ ಬಿಡ್ತೀನಿ. ಆದ್ರೆ ಮೊದಲು ಆ ಫೋಟೋ ಎಲ್ಲಾ ಅಳಿಸಿ."

"ಅದು ಪ್ರೂಫ್ ಅಲ್ವಾ?"

"ನಾನು ಬರ್ದುಕೊಟ್ಟದ್ದಕ್ಕಿಂತ ಪ್ರೂಫ್ ಬೇಕಾ? ನನ್ನ ಮಗಳು ಇದೇ ಊರಲ್ಲಿ ಬಸ್ಸು ಹತ್ತಿ ಇಳೀಬೇಕು ದಿಗಂತ್. ಆ ಫೋಟೋ ಒಬ್ಬರ ಫೋನಿಂದ ಒಬ್ಬರ ಫೋನಿಗೆ ಹೋದ್ರೆ ಅವಳು ಹೇಗೆ ತಲೆ ಎತ್ತಿ ಓಡಾಡ್ತಾಳೆ? ಕೈ ಮುಗೀತೀನಿ."

ಅವಳು ನಿಜಕ್ಕೂ ಕೈ ಮುಗಿದಳು. ದಿಗಂತ್ ಎದ್ದು ಕಿಟಕಿಯ ಬಳಿ ಹೋಗಿ ತಂದೆಗೆ ಫೋನು ಮಾಡಿದ. ತಗ್ಗಿದ ದನಿಯಲ್ಲಿ ಎರಡು ನಿಮಿಷ. ತಿರುಗಿ ಬಂದಾಗ ಅವನ ಕಣ್ಣು ಅವಳ ಕಣ್ಣನ್ನು ತಪ್ಪಿಸುತ್ತಿತ್ತು. "ಅಪ್ಪ ಪೊಲೀಸ್ ಗಿಲೀಸ್ ಬೇಡ ಅಂದ್ರು. ಬರೆಸಿಕೊಂಡು ಕಳಿಸು ಅಂದ್ರು. ಇನ್ನು ಮಂಡಿ ಮೆಟ್ಲು ಹತ್ತಬಾರ್ದು ಅಂದ್ರು."

"ಆಯ್ತು. ಅಳಿಸಿ."

ಅವನು ಒಂದೊಂದೇ ಅಳಿಸಿದ. ಅವಳು ಬಗ್ಗಿ ಎಣಿಸಿದಳು. ಹದಿನಾಲ್ಕು. "ಕಸದ ಬುಟ್ಟಿಯಲ್ಲೂ ಇರುತ್ತೆ" ಎಂದಳು. ಅಲ್ಲೂ ಅಳಿಸಿದ. "ಒಳಗಿರೋ ದೊಡ್ಡದು?" "ಅದು ಎಲ್ಲಿರುತ್ತೆ ಅಂತ ನಂಗೆ ಗೊತ್ತಿಲ್ಲ ಆಂಟಿ. ಸಾಫ್ಟ್‌ವೇರನ್ನೇ ತೆಗೆದುಹಾಕ್ತೀನಿ, ಕೆಲಸ ಮುಗೀತಲ್ಲ." ಪರದೆಯ ಮೇಲೆ ಹಸಿರು ಪಟ್ಟಿಯೊಂದು ನಿಧಾನಕ್ಕೆ ತುಂಬುತ್ತಾ ಹೋಯಿತು. ಅದು ತುಂಬುವವರೆಗೆ ಸರ್ವಮಂಗಳ ಮೇಜಿನ ಪಕ್ಕದಿಂದ ಕದಲಲಿಲ್ಲ.

ಬಿಳಿ ಹಾಳೆಗೆ ಕೂಗಿದಾಗ ತಂದದ್ದು ಧರ್ಮೇಶ್. ಅವಳ ಎದುರು ಮೇಜಿನಲ್ಲಿ ಆರು ವರ್ಷದಿಂದ ಕೂತವನು. ದಿನವೂ "ಏನ್ ಮಂಗಳಕ್ಕಾ, ಇವತ್ತು ಬುತ್ತೀಲಿ ಕಳಲೆ ಪಲ್ಯನಾ, ಬರೀ ಉಪ್ಪಿನಕಾಯಾ?" ಎಂದು ರೇಗಿಸುವವನು. ವಿಷಯ ಕೇಳಿ ಅವನು ನಗಲಿಲ್ಲ.

"ಮಂಗಳಕ್ಕಾ... ನೀವಾ?"

"ಹೂಂ, ನಾನೇ."

ಅವಳು ಬರೆದಳು. ಶನಿವಾರದ ಮೆಣಸಿನ ದರವನ್ನು ಮೂರು ವಾರ ಹೊರಗಿನವರಿಗೆ ನಾನೇ ತಿಳಿಸಿರುತ್ತೇನೆ, ಇದರಲ್ಲಿ ಬೇರೆ ಯಾರ ಕೈವಾಡವೂ ಇರುವುದಿಲ್ಲ. ದಿಗಂತನಿಗೆ ಓದಲು ಬಾರದ್ದರಿಂದ ಧರ್ಮೇಶನೇ ಗಟ್ಟಿಯಾಗಿ ಓದಿ ಹೇಳಬೇಕಾಯಿತು. 'ಬೇರೆ ಯಾರ' ಎನ್ನುವಲ್ಲಿ ಅವನಿಗೆ ಕೆಮ್ಮು ಬಂತು. ಓದಿ ಮುಗಿಸಿ ಹಾಳೆಯನ್ನು ಮೇಜಿನ ಮೇಲೆ ಇಟ್ಟವನ ಬೆರಳ ಗುರುತು ಅದರ ಅಂಚಿನಲ್ಲಿ ಒದ್ದೆಯಾಗಿ ಮೂಡಿತ್ತು. ಅವನು ಅವಳ ಮುಖ ನೋಡದೆ, "ಸೈನ್ ಹಾಕ್ಬಿಡಿ ಅಕ್ಕಾ" ಎಂದ. ಸರ್ವಮಂಗಳ ಅವನನ್ನು ಒಂದು ಗಳಿಗೆ ನೋಡಿದಳು. ಆ ಒದ್ದೆ ಗುರುತನ್ನೂ ನೋಡಿದಳು. ಕೇಳಲು ಅವಳಿಗೆ ಹೊತ್ತಿರಲಿಲ್ಲ, ಸೈನ್ ಹಾಕಿದಳು.

ಗೇಟಿನಲ್ಲಿ ಬೈಕು ನಿಂತ ಸದ್ದಾಯಿತು.

ನವೀನ್‌ಕುಮಾರ್ ಹೆಲ್ಮೆಟ್ ಕೈಯಲ್ಲಿ ಹಿಡಿದು ಒಳಗೆ ಬಂದ. ಹಣೆಯಲ್ಲಿ ವಿಭೂತಿ, ಇಸ್ತ್ರಿ ಹಾಕಿದ ಅಂಗಿ. "ಏನ್ ದಿಗಂತ್ ಸಾರ್, ಕಳ್ಳ ಸಿಕ್ಕಿದ್ನಾ?" ಎಂದು ನಕ್ಕ. ಅವಳನ್ನು ಕಂಡು, "ಓ, ಅತ್ತಿಗೆ!" ಎಂದ.

"ಬೇಡ ನವೀನಣ್ಣ, ಎಲ್ಲಾ ಬಗೆಹರೀತು" ಎಂದ ದಿಗಂತ್. "ಸುಮ್ನೆ ನಿಮಗೆ ತೊಂದರೆ."

"ತೊಂದರೆ ಎಂಥದು. ಫೋಟೋ ಕೊಡಿ, ದೊಡ್ಡದು ಮಾಡಿ ಕೊಟ್ಟೇ ಹೋಗ್ತೀನಿ."

"ಅಳಿಸಿಬಿಟ್ಟೆ. ಸಾಫ್ಟ್‌ವೇರೂ ತೆಗೆದೆ."

ನವೀನ್‌ಕುಮಾರ್ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟ. ಲ್ಯಾಪ್‌ಟಾಪನ್ನು ನೋಡಿದ. ಮೇಜಿನ ಮೇಲಿನ ಹಾಳೆಯನ್ನು ತಲೆಕೆಳಗಾಗಿಯೇ ಓದಿದ. ಆಮೇಲೆ ಸರ್ವಮಂಗಳಳ ಮುಖ ನೋಡಿದ. ಅವಳು ಸೈನ್ ಹಾಕಿದ ಹಾಳೆಯನ್ನು ದಿಗಂತನ ಕಡೆ ಸರಿಸಿದಳು.

"ಅಳಿಸಿದ್ರೂ ಒಳಗೆ ಉಳಿದಿರುತ್ತೆ ಸಾರ್" ಎಂದ ನಿಧಾನವಾಗಿ. "ಒಂದು ರಾತ್ರಿ ಲ್ಯಾಪ್‌ಟಾಪ್ ಅಂಗಡೀಲಿ ಬಿಡಿ. ತೆಗೆದುಕೊಡ್ತೀನಿ. ಫ್ರೀ."

ದಿಗಂತ್ ಲ್ಯಾಪ್‌ಟಾಪ್ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟುಕೊಂಡು ಯೋಚಿಸಿದ. ಆ ಅಂಗೈಯ ಮೇಲೇ ಅವಳ ಕಣ್ಣು ನಿಂತಿತ್ತು.

"ಬೇಡಣ್ಣ" ಎಂದ ಕೊನೆಗೆ. "ಆಂಟಿಗೆ ಮಾತು ಕೊಟ್ಟಿದೀನಿ. ಅವರು ಒಪ್ಕೊಂಡ್ರಲ್ಲ."

"ನಿಮ್ಮಿಷ್ಟ."

ಸರ್ವಮಂಗಳ ಕೊಡೆ, ಬುತ್ತಿಯ ಚೀಲ ತೆಗೆದುಕೊಂಡು ಹೊರಟಳು. ಹೊರಗಿನ ಮೇಜಿನ ಮೇಲೆ ಅವಳ ಕಂಪ್ಯೂಟರ್ ಇನ್ನೂ ಆನ್ ಆಗಿಯೇ ಇತ್ತು. ಅದರ ಹತ್ತಿರ ಹೋಗಲಿಲ್ಲ. ಸೋಮವಾರಪೇಟೆಗೆ ಹೋಗಬೇಕು, ಗುರುತಿಲ್ಲದ ಯಾವುದಾದರೂ ಸೈಬರ್ ಅಂಗಡಿ ಹುಡುಕಬೇಕು, ಆ ಊರು ಬಿಡು ಎಂದು ಕುಸುಮಾಳಿಗೆ ಬರೆಯಬೇಕು. ಸಂಜೆ ಗಂಡನಿಗೆ, ರಂಜಿತಾಳಿಗೆ, ತಾನು ಕಳ್ಳಿ ಎಂದು ಊರಿನವರು ಹೇಳುವ ಮೊದಲು ತಾನೇ ಹೇಳಬೇಕು. ಯಾಕೆ ಎಂದು ಅವರು ಕೇಳುತ್ತಾರೆ. ಅದಕ್ಕೂ ಉತ್ತರ ಕೊಡುವ ಹಾಗಿಲ್ಲ.

ಮೆಣಸಿನ ಮೂಟೆಗಳ ನಡುವೆ ನವೀನ್‌ಕುಮಾರ್ ಹಿಂದಿನಿಂದ ಬಂದು ಜೊತೆಗೆ ಹೆಜ್ಜೆ ಹಾಕಿದ.

"ದುಡ್ಡು ಬೇಕಿದ್ರೆ ನನ್ನ ಕೇಳ್ಬಾರ್ದಿತ್ತಾ ಅತ್ತಿಗೆ? ನಮ್ಮ ಮನೆತನದ ಮಾನ ಹೀಗಾ ಕಳೆಯೋದು?"

ಅವಳು ಹೆಜ್ಜೆ ಬಿರುಸು ಮಾಡಿದಳು. ಗೇಟಿನ ಹತ್ತಿರ ಅವನು ಅಡ್ಡ ನಿಂತ. ಏಳು ವರ್ಷದಿಂದ ಎಲ್ಲಿ ಸಿಕ್ಕರೂ ಕೇಳುವ ಮಾತನ್ನು ಅದೇ ಮೆಲುದನಿಯಲ್ಲಿ ಕೇಳಿದ. ಈ ಸಲ ಅವಳ ಕಣ್ಣಿನಿಂದ ದೃಷ್ಟಿ ಕೀಳಲಿಲ್ಲ.

"ಕುಸುಮಾ ಸುದ್ದಿ ಏನಾದ್ರೂ ಗೊತ್ತಾಯ್ತಾ?"

"ಇಲ್ಲ" ಎಂದಳು ಸರ್ವಮಂಗಳ.

ತಂಗಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಳು.